ಅಟ್ಟದಲ್ಲಿರುವ ಹಳೇ ಕಂಪ್ಯೂಟರ್‌ಗೆ ನೇರ ಪ್ಲಗ್ ಹಾಕಬಹುದಾ?

ಪ್ರಶ್ನೆ: ಕಾರವಾರದ ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಕಾಲದ 486 ಕಂಪ್ಯೂಟರ್ (1990ರ ದಶಕದ ಮೊದಲ ಭಾಗದ ಬಗೆ) ಇದೆ. ಎಷ್ಟೋ ವರ್ಷಗಳಿಂದ ಆನ್ ಮಾಡಿಲ್ಲ. ಅದರ ಪವರ್ ಸಪ್ಲೈ ಯಾವ ಬಗೆಯದು ಅಂತ ಗುರುತಿಸುವುದು ಹೇಗೆ? ಸುಮ್ನೆ ಪ್ಲಗ್ ಹಾಕಿ ನೋಡಬಹುದಾ?

ಉತ್ತರ: ಬೇಡ. ಮೊದಲು ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಮದರ್‌ಬೋರ್ಡಿಗೆ ಹೋಗುವ ವೈರುಗಳನ್ನು ನೋಡಿ. ಆರಾರು ಪಿನ್ನಿನ ಎರಡು ಕನೆಕ್ಟರ್ ಅಕ್ಕಪಕ್ಕ ಕೂತಿದ್ದರೆ ಅದು ಎಟಿ ಎಂಬ ಹಳೇ ಬಗೆಯ ಎಸ್‌ಎಂಪಿಎಸ್ (ಅಂದರೆ ಪವರ್ ಸಪ್ಲೈ). 20 ಪಿನ್ನಿನ ಒಂದೇ ಕನೆಕ್ಟರ್ ಇದ್ದರೆ ಎಟಿಎಕ್ಸ್ ಎಂಬ ಆಮೇಲಿನ ಬಗೆ. ಇದು 1995ರಲ್ಲಿ ಬಂದದ್ದು, ಹಾಗಾಗಿ 486ರಲ್ಲಿ ಬಹುತೇಕ ಎಟಿಯೇ ಇರುತ್ತದೆ. ಬಿಚ್ಚುವ ಮೊದಲು ಫೋಟೊ ತೆಗೆದುಕೊಳ್ಳಿ. ಮತ್ತೆ ಜೋಡಿಸುವಾಗ ಎರಡೂ ಕನೆಕ್ಟರಿನ ಕಪ್ಪು ವೈರುಗಳು ನಡುವೆ ಒಟ್ಟಿಗೆ ಬರಬೇಕು. ಅದಲುಬದಲಾದರೆ ಮದರ್‌ಬೋರ್ಡ್ ಸುಟ್ಟೇ ಹೋಗಬಹುದು.

ಎಟಿಯಲ್ಲಿ ಇನ್ನೊಂದು ಅಪಾಯ ಇದೆ. ಮುಂದಿನ ಪವರ್ ಬಟನ್‌ಗೆ ಹೋಗುವ ದಪ್ಪ ಕೇಬಲ್‌ನಲ್ಲಿ ನೇರ 230 ವೋಲ್ಟ್ ಹರಿಯುತ್ತದೆ. ಬಟನ್ ಆಫ್ ಇದ್ದರೂ ಪ್ಲಗ್ ಹಾಕಿದ್ದರೆ ಅಲ್ಲಿ ಕರೆಂಟ್ ಇರುತ್ತದೆ. ಹಿಂದುಗಡೆ 115/230 ಅಂತ ಸಣ್ಣ ಸ್ವಿಚ್ ಇದ್ದರೆ ಅದು 230ರಲ್ಲೇ ಇದೆಯಾ ನೋಡಿ. 115ರಲ್ಲಿದ್ದು ನಮ್ಮ ಕರೆಂಟ್ ಕೊಟ್ಟರೆ ಒಳಗಿನ ಕೆಪಾಸಿಟರ್ (ಕರೆಂಟ್ ಹಿಡಿದಿಡುವ ಭಾಗ) ಸಿಡಿಯುತ್ತದೆ.

ಕರಾವಳಿಯವರು ಹೆಚ್ಚು ಗಮನಿಸಬೇಕಾದದ್ದು ಎಸ್‌ಎಂಪಿಎಸ್‌ನ ಒಳಗಿದೆ. ಕರೆಂಟ್ ಬರುವ ಜಾಗದ ಹತ್ತಿರ, ಮನೆ ಕರೆಂಟಿನ (ಮೇನ್ಸ್) ಎರಡು ವೈರುಗಳ ನಡುವೆ, ಕರೆಂಟಿನಲ್ಲಿನ ಅಡಚಣೆ (ನಾಯ್ಸ್) ತಡೆಯುವ ಫಿಲ್ಟರ್ ಕೆಪಾಸಿಟರ್ ಇರುತ್ತದೆ. ಆ ಕಾಲದ ಎಷ್ಟೋ ಯಂತ್ರಗಳಲ್ಲಿ ಇದು ರಿಫಾ ಕಂಪನಿಯದು: ಜೇನು ಬಣ್ಣದ ಪಾರದರ್ಶಕ ಹೊದಿಕೆ, ಒಳಗೆ ಕಾಗದದ ಸುರುಳಿ. ಟಾರ್ಚ್ ಹಿಡಿದು ಓರೆಯಾಗಿ ನೋಡಿದರೆ ಹೊದಿಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣುತ್ತವೆ. ಆ ಬಿರುಕಿನಿಂದ ತೇವ ಒಳಗೆ ಹೋಗಿ ಕಾಗದ ಉಬ್ಬುತ್ತದೆ. ಜೂನ್ ಬಂತೆಂದರೆ ಡಬ್ಬಿಯೊಳಗಿನ ಉಪ್ಪೂ ನೀರೊಡೆಯುವ ಊರು ನಮ್ಮದು, ಅಟ್ಟದ ಕಥೆ ಕೇಳಬೇಕಾ! ಪ್ಲಗ್ ಹಾಕಿದ ಕೆಲವು ನಿಮಿಷಕ್ಕೆ ಪಟ್ ಎಂದು ಒಡೆದು ಮನೆ ತುಂಬಾ ಹೊಗೆ, ಕೆಟ್ಟ ವಾಸನೆ. ಸಮಾಧಾನ ಏನೆಂದರೆ, ಇದು ಹೋದರೂ ಉಳಿದ ಸರ್ಕ್ಯೂಟ್ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಬಿರುಕು ಕಾಣದಿದ್ದರೂ ಬದಲಿಸಿಬಿಡಿ ಅಂತಲೇ ನನ್ನ ಸಲಹೆ. ಹಳೆಯದರಷ್ಟೇ ಮೈಕ್ರೋಫ್ಯಾರಡ್‌ನ (ಕೆಪಾಸಿಟರಿನ ಅಳತೆ), 275 ವೋಲ್ಟ್ ಎಸಿ, ಎಕ್ಸ್2 (ಸುರಕ್ಷತಾ ದರ್ಜೆ) ಎಂದು ಬರೆದ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್ ಹಾಕಿ. ಮೇನ್ಸ್‌ನಿಂದ ಅರ್ಥಿಂಗ್‌ಗೆ ಹೋಗುವ ಜಾಗದಲ್ಲಿ ವೈ2 ದರ್ಜೆಯದೇ ಬೇಕು. ಅಲ್ಲಿ ಬೇರೆ ಯಾವುದೋ ಹಾಕಿ ಜುಗಾಡ್ ಮಾಡಬೇಡಿ.

ಕೈ ಹಾಕುವ ಮುಂಚೆ ಪ್ಲಗ್ ಕಿತ್ತಿರಬೇಕು, ಅಷ್ಟೇ ಸಾಲದು. ಎರಡು ದಪ್ಪ ಕೆಪಾಸಿಟರ್‌ಗಳು ಸೇರಿ ಸುಮಾರು 325 ವೋಲ್ಟ್ ಡಿಸಿ ಹಿಡಿದಿಟ್ಟಿರಬಹುದು. ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಉಳಿದಿದ್ದರೆ ರೆಸಿಸ್ಟರ್ ಮೂಲಕ ಇಳಿಸಿ, ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸಬೇಡಿ. ಇಷ್ಟು ಓದಿ ಭಯವಾದರೆ ಒಳ್ಳೆಯದೇ. ಕುಮಟಾ, ಅಂಕೋಲಾ ಕಡೆ ಹಳೇ ಪಿಕ್ಚರ್ ಟ್ಯೂಬ್ ಟಿವಿ ರಿಪೇರಿ ಮಾಡುತ್ತಿದ್ದವರನ್ನು ಹುಡುಕಿ. ಆ ಟಿವಿಗಳಲ್ಲೂ ಇದ್ದದ್ದು ಇದೇ ಜಾತಿಯ ಸಪ್ಲೈ.

ಮೊದಲ ಸಲ ಆನ್ ಮಾಡುವಾಗ ಮದರ್‌ಬೋರ್ಡ್, ಡಿಸ್ಕ್ ಎಲ್ಲ ಬಿಚ್ಚಿಡಿ. ಆದರೆ ಲೋಡ್ ಇಲ್ಲದೆ ಹಳೇ ಎಸ್‌ಎಂಪಿಎಸ್ ಎಷ್ಟೋ ಸಲ ಏಳುವುದೇ ಇಲ್ಲ. ಕೆಂಪು–ಕಪ್ಪು ವೈರಿನ ನಡುವೆ ಕಾರಿನ 12 ವೋಲ್ಟ್ ಬ್ರೇಕ್ ಲೈಟ್ ಬಲ್ಬ್ ಹಾಕಿದರೆ ಸಾಕು. ಮೇನ್ಸ್ ಕಡೆ ಹಳೇ ತಂತಿಯ 100 ವ್ಯಾಟ್ ಬಲ್ಬನ್ನು ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬಿನ ಮೂಲಕವೇ ಹೋಗುವಂತೆ, ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ.

ಸರಿ ಇದ್ದರೆ ಸೀರೀಸ್ ಬಲ್ಬ್ ತೆಗೆದು ಅಳೆಯಿರಿ. ಕೆಂಪು ವೈರಿನಲ್ಲಿ 4.75ರಿಂದ 5.25 ವೋಲ್ಟ್, ಹಳದಿಯಲ್ಲಿ 12ರ ಆಸುಪಾಸು ಸಿಗಬೇಕು. ಎಟಿಯಲ್ಲಿ ಕಿತ್ತಳೆ ವೈರ್ ಪವರ್ ಗುಡ್ ಸಿಗ್ನಲ್ (ಸಪ್ಲೈ ಸರಿಯಿದೆ ಎಂದು ಮದರ್‌ಬೋರ್ಡ್‌ಗೆ ತಿಳಿಸುವುದು), ಅದೂ 5ರ ಹತ್ತಿರ ಏರಬೇಕು. ಕೆಂಪಿನಲ್ಲಿ 5.25 ದಾಟಿದ್ದರೆ ಮದರ್‌ಬೋರ್ಡ್‌ಗೆ ಜೋಡಿಸಲೇಬೇಡಿ.