‘ಟಕ ಟಕ’ ಸದ್ದು ಬರುತ್ತದೆ, ಎಂಜಿನ್ ತಿರುಗುವುದಿಲ್ಲ: ತಪ್ಪು ಯಾರದು?

ಪ್ರಶ್ನೆ: ಕೀ ತಿರುಗಿಸಿದರೆ ಬಾನೆಟ್ ಒಳಗಿನಿಂದ ಟಕ ಟಕ ಟಕ ಎಂದು ಸದ್ದು ಬರುತ್ತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ. ಹಾರ್ನ್ ಕೂಗುತ್ತದೆ, ಒಳಗಿನ ದೀಪವೂ ಉರಿಯುತ್ತದೆ. ಹಾಗಾಗಿ ಬ್ಯಾಟರಿ ಸರಿಯಿದೆ, ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ಹೋಗಿದೆ ಎನ್ನುತ್ತಾರೆ ನಮ್ಮ ಬೀದಿಯ ಮೆಕ್ಯಾನಿಕ್. ಬದಲಿಸಿಬಿಡಲೇ?
– ಬನಶಂಕರಿಯ ಓದುಗರೊಬ್ಬರು

ಉತ್ತರ: ಸದ್ಯಕ್ಕೆ ಬೇಡ. ಒಂದರ ಹಿಂದೊಂದು ಬರುವ ಆ ಸದ್ದು ಸೆಲ್ಫ್ ಮೋಟಾರಿನ ಪರವಾಗಿಯೇ ಸಾಕ್ಷಿ ನುಡಿಯುತ್ತಿದೆ.

ಹಾರ್ನಿಗೆ ಕೆಲವೇ ಆಂಪಿಯರ್ ಸಾಕು. ಒಳಗಿನ ದೀಪಕ್ಕೆ ಒಂದು ಆಂಪಿಯರ್ ಕೂಡ ಬೇಡ. ಎಂಜಿನ್ ತಿರುಗಿಸಲು ಸಣ್ಣ ಪೆಟ್ರೋಲ್ ಕಾರಿಗೂ ನೂರರ ಮೇಲೆ ಬೇಕು, ಡೀಸೆಲ್‌ಗೆ ಇನ್ನೂ ಹೆಚ್ಚು. ದೀಪ ಉರಿಯಿತೆಂದು ಬ್ಯಾಟರಿಗೆ ಪ್ರಮಾಣಪತ್ರ ಕೊಡುವುದು, ನಲ್ಲಿಯಲ್ಲಿ ನಾಲ್ಕು ಹನಿ ಬಂತೆಂದು ಸಂಪು ತುಂಬಿದೆ ಎಂದು ನಂಬಿದಂತೆ.

ಸದ್ದು ಬರುವುದು ಸೆಲ್ಫ್ ಮೋಟಾರಿನ ಬೆನ್ನಿಗೆ ಅಂಟಿಕೊಂಡಿರುವ ಸೊಲೆನಾಯ್ಡ್‌ನಿಂದ. ಕೀ ತಿರುಗಿಸಿದ ಕ್ಷಣ ಅದರೊಳಗಿನ ತಂತಿಯ ಸುರುಳಿ ಕಬ್ಬಿಣದ ದಂಡವೊಂದನ್ನು ಸೆಳೆಯುತ್ತದೆ. ಆ ದಂಡ ಒಂದು ಕಡೆ ಸಣ್ಣ ಗೇರನ್ನು ಎಂಜಿನ್ನಿನ ದೊಡ್ಡ ಚಕ್ರವಾದ ಫ್ಲೈವೀಲ್‌ನ ಹಲ್ಲಿಗೆ ತಾಗಿಸುತ್ತದೆ, ಇನ್ನೊಂದು ಕಡೆ ತಾಮ್ರದ ದಪ್ಪ ಕಾಂಟ್ಯಾಕ್ಟ್‌ಗಳನ್ನು ಕೂಡಿಸಿ ಮೋಟಾರಿಗೆ ವಿದ್ಯುತ್ ಬಿಡುತ್ತದೆ. ಬ್ಯಾಟರಿಯಲ್ಲಿ ಕಸುವಿಲ್ಲದಿದ್ದರೆ, ಮೋಟಾರು ಎಳೆಯಲು ಹೊರಟೊಡನೆ ವೋಲ್ಟೇಜ್ ಕುಸಿಯುತ್ತದೆ. ದಂಡವನ್ನು ಹಿಡಿದಿಡಲೂ ಬಲ ಸಾಲದೆ ಅದು ಹಿಂದಕ್ಕೆ ಜಾರುತ್ತದೆ. ಹೊರೆ ತಪ್ಪಿದ ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ದಂಡವನ್ನು ಮತ್ತೆ ಎಳೆಯುತ್ತದೆ, ಮತ್ತೆ ಸೋಲುತ್ತದೆ. ನಿಮಗೆ ಕೇಳುವ ಟಕ ಟಕ ಇದೇ.

ಖಚಿತಪಡಿಸಿಕೊಳ್ಳಲು ಕಾರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹೆಡ್‌ಲೈಟ್ ಹಾಕಿ ಕೀ ತಿರುಗಿಸಿ. ಗೋಡೆಯ ಮೇಲಿನ ಬೆಳಕು ಮಂಕಾಗಿ ಕೆಂಪಿಗೆ ತಿರುಗಿದರೆ ಬ್ಯಾಟರಿಯನ್ನೋ ಕೇಬಲ್ ಕೂಡುವ ಅದರ ಟರ್ಮಿನಲ್‌ಗಳನ್ನೋ ಅನುಮಾನಿಸಿ. ಬೆಳಕು ಕದಲದೆ ಒಂದೇ ಒಂದು ‘ಟಕ್’ ಬಂದರೆ ಮೋಟಾರಿಗೆ ವಿದ್ಯುತ್ ತಲುಪುತ್ತಿಲ್ಲ ಎಂದರ್ಥ; ಆಗ ನಿಮ್ಮ ಮೆಕ್ಯಾನಿಕ್ ಮಾತಿಗೆ ಬೆಲೆ ಬರುತ್ತದೆ.

ದುಡ್ಡು ಬಿಚ್ಚುವ ಮೊದಲು ಬಾನೆಟ್ ಎತ್ತಿ ಟರ್ಮಿನಲ್‌ಗಳನ್ನು ನೋಡಿ. ಅವುಗಳ ಸುತ್ತ ಬಿಳಿಯ, ಕೆಲವೊಮ್ಮೆ ಹಸಿರು ನೀಲಿ ಮಿಶ್ರಿತ ಪುಡಿ ಬೆಳೆದಿರುತ್ತದೆ. ಕೈಯಲ್ಲಿ ಹಿಡಿದು ತಿರುಚಿದರೆ ಕ್ಲಾಂಪ್ ಅಲ್ಲಾಡುವುದೂ ಉಂಟು. ಅಲ್ಲಾಡಬಾರದು. ಅಂಥ ಸಡಿಲ ಕ್ಲಾಂಪ್ ಸಾಕು, ಹೊಸ ಬ್ಯಾಟರಿಯೂ ಸತ್ತಂತೆ ನಟಿಸಲು. 10ನೇ ನಂಬರ್ ಸ್ಪ್ಯಾನರ್‌ನಿಂದ ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಮೈನಸ್ ಕೂಡಿರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಅಡುಗೆ ಸೋಡಾ ಕಲಸಿದ ಬಿಸಿನೀರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಒರೆಸಿ ಒಣಗಿಸಿ, ಪ್ಲಸ್ ಮೊದಲು, ಮೈನಸ್ ಕೊನೆಗೆ ಹಾಕಿ ಬಿಗಿ ಮಾಡಿ. ಮೈನಸ್ ಕೇಬಲ್ ಬಾಡಿಗೆ ಕೂಡುವ ಅರ್ಥ್ ಬೋಲ್ಟನ್ನೂ ಪರೀಕ್ಷಿಸಿ. ಅದನ್ನು ಯಾರೂ ನೋಡುವುದಿಲ್ಲ.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ವಾದವೇ ಬೇಡ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12ಕ್ಕೆ ಬಂದಿದ್ದರೆ ಹೆಚ್ಚು ಕಡಿಮೆ ಖಾಲಿ. ಹೇಗೋ ಸ್ಟಾರ್ಟ್ ಆದ ಮೇಲೆ ಮತ್ತೊಮ್ಮೆ ಅಳೆಯಿರಿ. ಬಹುತೇಕ ಕಾರುಗಳಲ್ಲಿ 13.8ರಿಂದ 14.5ರ ನಡುವೆ ಇರಬೇಕು. 12ರಲ್ಲೇ ತೆವಳುತ್ತಿದ್ದರೆ, ಎಂಜಿನ್ ಓಡುವಾಗ ಬ್ಯಾಟರಿ ತುಂಬಬೇಕಾದ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ; ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಅದೇ ಹಾಡು.

ನಮ್ಮ ಬೆಂಗಳೂರಿನ ಬ್ಯಾಟರಿಗಳ ಪಾಡು ಬೇರೆ. ವಾರವೆಲ್ಲ ಮೆಟ್ರೊ, ಇಲ್ಲವೇ ಮನೆಯಿಂದಲೇ ಕಚೇರಿ ಕೆಲಸ. ಭಾನುವಾರ ಗಾಂಧಿ ಬಜಾರಿಗೆ ಹೋಗಿ ಬಂದರೆ ಕಾರಿಗೆ ವ್ಯಾಯಾಮ ಆಯಿತೆಂದು ಭಾವಿಸುತ್ತೇವೆ. ಒಮ್ಮೆ ಸ್ಟಾರ್ಟ್ ಮಾಡಲು ಖರ್ಚಾದದ್ದೂ, ನಿಂತಲ್ಲೇ ಅಲಾರಂ ಮತ್ತು ಡ್ಯಾಶ್‌ಕ್ಯಾಮ್ ಹೀರಿದ್ದೂ ಅಷ್ಟರಲ್ಲಿ ಮರಳಿ ತುಂಬುವುದಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಎ.ಸಿ., ವೈಪರ್, ಹೆಡ್‌ಲೈಟ್ ಹಾಕಿಕೊಂಡು ನಿಂತ ಕಾರಿನ ಆಲ್ಟರ್ನೇಟರ್ ಕೂಡ ಐಡ್ಲಿಂಗ್‌ನಲ್ಲಿ ಕೊಡುವುದು ಕಡಿಮೆಯೇ.

ತುರ್ತಿಗೆ ಜಂಪರ್ ಕೇಬಲ್ ಇದೆ. ಕೆಂಪು ಕೇಬಲ್ ನಿಮ್ಮ ಪ್ಲಸ್‌ಗೆ, ಅದರ ಇನ್ನೊಂದು ತುದಿ ನೆರೆಯವರ ಕಾರಿನ ಪ್ಲಸ್‌ಗೆ. ಕಪ್ಪು ಕೇಬಲ್ ಅವರ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಎಂಜಿನ್‌ನ ಬರಿಯ ಲೋಹಕ್ಕೆ. ಅದನ್ನು ಬ್ಯಾಟರಿಯ ಮೇಲೆಯೇ ಹಾಕಬೇಡಿ. ಅಲ್ಲಿ ಹೈಡ್ರೋಜನ್ ಇರುತ್ತದೆ, ಕಿಡಿ ಒಳ್ಳೆಯದಲ್ಲ. ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರಿನ ಕಾರಿಗೆ ಮಾತ್ರ.

ಒಂದೇ ‘ಟಕ್’ನ ವಿಷಯದಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಕಾರು ಮಳೆನೀರಿನಲ್ಲಿ ನಿಂತಿದ್ದರೆ ಮತ್ತೊಮ್ಮೆ ಕೀ ತಿರುಗಿಸಲೇಬೇಡಿ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಮುಳುಗಿದ್ದು ನೆನಪಿರಬಹುದು. ಸಿಲಿಂಡರಿಗೆ ನೀರು ಹೊಕ್ಕರೆ ಪಿಸ್ಟನ್ ಅದನ್ನು ಗಾಳಿಯಂತೆ ಒತ್ತಲಾರದು. ಬಲವಂತ ಮಾಡಿದರೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆ ಇಲ್ಲದಿದ್ದರೆ ಆ ಖರ್ಚು ಸಾಮಾನ್ಯವಾಗಿ ನಿಮ್ಮ ತಲೆಗೇ. ಟೋ ಮಾಡಿಸಿ.

ನೀರಿನ ಗೊಡವೆಯಿಲ್ಲದೆ, ಬ್ಯಾಟರಿ ತುಂಬಿದ್ದು, ಟರ್ಮಿನಲ್‌ಗಳು ಶುಚಿಯಾಗಿದ್ದೂ ಒಂದೇ ‘ಟಕ್’ ಬರುತ್ತಿದ್ದರೆ ಸೆಲ್ಫ್ ಮೋಟಾರನ್ನು ಬಿಚ್ಚಿಸಿ. ಆಗಲೂ ಇಡೀ ಮೋಟಾರ್ ಬದಲಿಸಲು ಒಪ್ಪಬೇಡಿ. ಸವೆದಿರುವುದು ಬಹಳ ಸಲ ಮೋಟಾರಿನೊಳಗೆ ವಿದ್ಯುತ್ ದಾಟಿಸುವ ಕಾರ್ಬನ್ ಬ್ರಷ್ ಇಲ್ಲವೇ ಸೊಲೆನಾಯ್ಡ್‌ನ ಕಾಂಟ್ಯಾಕ್ಟ್. ಅವು ಬಿಡಿಯಾಗಿ ಸಿಗುತ್ತವೆ. ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಬ್ಯಾಟರಿಯೇ ಬದಲಾಗಬೇಕೆಂದಾದರೆ ಹಳೆಯದನ್ನು ಗುಜರಿಗೆ ಹಾಕದೆ ಅಂಗಡಿಗೇ ಒಪ್ಪಿಸಿ, ಅದರ ಸೀಸದ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯಲು ಹೇಳಿ.