"ಬಾಟ್ಲಿ ಬ್ಯಾಡ್ರಿ, ಪುಡಿ ನೀರು ಕೊಡ್ರಿ"

ಸಿಂಧನೂರು ಕಡೆ ಮಕ್ಕಳ ಡಾಕ್ಟರ್ ಆಗಿರುವ ನನಗೆ ಬೇಸಿಗೆ ಅಂದರೆ ವಾಂತಿ-ಭೇದಿಯ ಕಾಲ. ಕಾಲುವೆ ಒಣಗಿರುತ್ತದೆ, ಕೆರೆಯ ನೀರು ತಳ ಕಂಡಿರುತ್ತದೆ, ಬಿಸಿಲು 40 ಡಿಗ್ರಿ ದಾಟಿರುತ್ತದೆ. ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದವರದು ಒಂದೇ ಮಾತು: "ಸಾಹೇಬ್ರ, ಮೊದ್ಲು ಬಾಟ್ಲಿ ಹಚ್ರಿ." ಸಲೈನ್ ಹಚ್ಚದಿದ್ದರೆ ಡಾಕ್ಟರು ಏನೂ ಮಾಡಲೇ ಇಲ್ಲ ಅಂತ ಲೆಕ್ಕ.

ಕಳೆದ ಬೇಸಿಗೆಯ ಒಂದು ರಾತ್ರಿ ಒಬ್ಬ ಅಜ್ಜಿ ಇದಕ್ಕೆ ಉಲ್ಟಾ ಮಾತಾಡಿದರು. ಮೂರು ವರ್ಷದ ಮರಿಮೊಮ್ಮಗನನ್ನು ಕರೆತಂದಿದ್ದರು. ಕಣ್ಣು ಸ್ವಲ್ಪ ಒಳಗೆ ಹೋಗಿದ್ದವು, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನಕ್ಕೆ ಹಿಂದೆ ಸರಿಯುತ್ತಿತ್ತು. ಆದರೆ ಹುಡುಗ ನೀರು ಕಂಡರೆ ಕೈ ಚಾಚುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದರು: "ಬಾಟ್ಲಿ ಬ್ಯಾಡ್ರಿ. ಪುಡಿ ನೀರು ಕೊಡ್ರಿ, ನಾನೇ ಕುಡಿಸ್ತೀನಿ." ಪುಡಿ ನೀರು ಅಂದರೆ ಓಆರ್‌ಎಸ್, ವಾಂತಿ-ಭೇದಿಯಾದಾಗ ಕುಡಿಸುವ ಉಪ್ಪು-ಸಕ್ಕರೆಯ ಪುಡಿ ಕರಗಿಸಿದ ನೀರು.

ಅವರು ಆರ್.ಎಚ್. ಕ್ಯಾಂಪಿನವರು. ನಮ್ಮ ಜಿಲ್ಲೆಯ ಹೊರಗಿನ ಎಷ್ಟೋ ಜನಕ್ಕೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಆಗಿನ ಪೂರ್ವ ಪಾಕಿಸ್ತಾನದಿಂದ ಮನೆಮಠ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಅರ್ಧ ಶತಮಾನದ ಹಿಂದೆ ಸಿಂಧನೂರು ತಾಲೂಕಿನಲ್ಲಿ ಭೂಮಿ ಕೊಟ್ಟು ನೆಲೆ ಮಾಡಿಕೊಟ್ಟಿತು. ಅಲ್ಲಿ ಈಗಲೂ ದುರ್ಗಾ ಪೂಜೆ ನಡೆಯುತ್ತದೆ. ಆದರೆ ಅಜ್ಜಿಯ ಕನ್ನಡ ಮಾತ್ರ ಪಕ್ಕಾ ರಾಯಚೂರಿನದು.

ಹುಡುಗನ ಪಕ್ಕ ಕೂತು ಚಮಚ ಚಮಚವಾಗಿ ಕುಡಿಸುತ್ತಲೇ ಅವರು ತಮ್ಮ ಅಕ್ಕನ ಕಥೆ ಹೇಳಿದರು. ಅಕ್ಕ ಮದುವೆಯಾಗಿ ಆ ಕಡೆಯೇ ಉಳಿದಿದ್ದರು. ಬಾಂಗ್ಲಾದೇಶ ಹುಟ್ಟಿದ 1971ರ ಯುದ್ಧದಲ್ಲಿ ಮಗನನ್ನು ಎತ್ತಿಕೊಂಡು ನಡೆದೇ ಗಡಿ ದಾಟಿದರು. ಅಲ್ಲಿನ ನಿರಾಶ್ರಿತರ ಕ್ಯಾಂಪಿನಲ್ಲಿ ಮಗನಿಗೆ ಕಾಲರಾ ಬಂತು. "ಡ್ರಮ್ಮಿನಾಗ ಉಪ್ಪು-ಸಕ್ಕರಿ ನೀರು ಇಟ್ಟಿದ್ರಂತ. ನೀವ ಕುಡಿಸ್ರಿ ಅಂದ್ರಂತ. ಅಕ್ಕ ರಾತ್ರಿಯೆಲ್ಲ ಕುಡಿಸ್ಯಾಳ. ಹುಡುಗ ಉಳಕೊಂಡ." ಯಾವ ಕ್ಯಾಂಪು ಅಂತ ಅಜ್ಜಿಗೆ ನೆನಪಿಲ್ಲ. ಡ್ರಮ್ಮು ಅಂದ ಕೂಡಲೇ ನನಗೆ ನೆನಪಾದದ್ದು ಪಶ್ಚಿಮ ಬಂಗಾಳದ ಬನಗಾಂವ್.

ಆ ವರ್ಷ ಸುಮಾರು 1 ಕೋಟಿ ಜನ ಪ್ರಾಣ ಉಳಿಸಿಕೊಳ್ಳಲು ಭಾರತಕ್ಕೆ ಬಂದಿದ್ದರು. ಮಳೆಗಾಲ ಶುರುವಾಯಿತು, ಕಾಲರಾ ಹಬ್ಬಿತು. ಗಡಿಯ ಹತ್ತಿರದ ಬನಗಾಂವ್ ಆಸ್ಪತ್ರೆಯ ಎರಡು ಕೋಣೆಗಳಲ್ಲಿ ರೋಗಿಗಳು ನೆಲದ ಮೇಲೆ ಮಲಗಿದ್ದರು. ಕಲ್ಕತ್ತದಿಂದ ಅಲ್ಲಿಗೆ ಬಂದವರು ಮಕ್ಕಳ ಡಾಕ್ಟರ್ ದಿಲೀಪ್ ಮಹಾಲನಬಿಸ್. ಅವರು ಹುಟ್ಟಿದ್ದು ಗಡಿಯ ಆಚೆಯ ಕಿಶೋರಗಂಜ್‌ನಲ್ಲಿ. ಬಂದವರೆಲ್ಲ ಒಂದು ಲೆಕ್ಕದಲ್ಲಿ ಅವರದೇ ಊರ ಕಡೆಯ ಜನ.

ಸಲೈನ್ ಸಾಲುತ್ತಿರಲಿಲ್ಲ. ಅದನ್ನು ಹಚ್ಚುವ ಕೈಗಳೂ ಸಾಲುತ್ತಿರಲಿಲ್ಲ. ಸಕ್ಕರೆ ಮತ್ತು ಉಪ್ಪಿನ ನೀರು ಕಾಲರಾದಲ್ಲೂ ಕೆಲಸ ಮಾಡುತ್ತದೆ ಅಂತ ಢಾಕಾ, ಕಲ್ಕತ್ತದ ಸಂಶೋಧಕರು ಆಗಲೇ ತೋರಿಸಿದ್ದರು. ಕಾಲರಾ ಕರುಳಿನಿಂದ ನೀರನ್ನು ಹೊರಗೆ ತಳ್ಳುತ್ತದೆ ನಿಜ, ಆದರೆ ಸಕ್ಕರೆ ಒಳಹೋಗುವ ದಾರಿಯನ್ನು ಮುಚ್ಚುವುದಿಲ್ಲ. ಗ್ಲುಕೋಸ್ ಒಳಗೆ ಹೋಗುವಾಗ ಉಪ್ಪನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಅದಕ್ಕೇ ಬರೀ ನೀರು ಸಾಲದು, ಬರೀ ಸಕ್ಕರೆಯೂ ಸಾಲದು. ಆದರೆ ಇದನ್ನು ನುರಿತ ಸಿಬ್ಬಂದಿಯ ಕಣ್ಗಾವಲಿಲ್ಲದೆ ಕೊಡಬಹುದು ಅಂತ ಆಗ ಹೆಚ್ಚಿನ ಡಾಕ್ಟರುಗಳು ನಂಬಿರಲಿಲ್ಲ.

ಮಹಾಲನಬಿಸ್ ಅದನ್ನು ಮನೆಯವರ ಕೈಗೇ ಕೊಟ್ಟರು. ಕಲ್ಕತ್ತದಲ್ಲಿ ಪುಡಿಯನ್ನು ತೂಗಿ, ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಇಸ್ತ್ರಿ ಪೆಟ್ಟಿಗೆಯಿಂದ ಬಾಯಿ ಅಂಟಿಸಿ ತರುತ್ತಿದ್ದರು. ಡ್ರಮ್ಮುಗಳಲ್ಲಿ ಕರಗಿಸುತ್ತಿದ್ದರು. ಲೋಟ ಹಿಡಿದದ್ದು ಅವ್ವ, ಅಣ್ಣ, ಪಕ್ಕದಲ್ಲಿ ಮಲಗಿದ್ದವನ ಹೆಂಡತಿ. ಎರಡು ತಿಂಗಳಲ್ಲಿ ಅಲ್ಲಿ ಸುಮಾರು 3,700 ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು. ನೂರಕ್ಕೆ 30ರಷ್ಟಿದ್ದ ಸಾವು 3.6ಕ್ಕೆ ಇಳಿಯಿತು. ಮುಂದೆ ಇದೇ ಪುಡಿ ಲೋಕದ ಎಲ್ಲ ಕಡೆ ಓಆರ್‌ಎಸ್ ಆಗಿ ಮನೆ ಮನೆ ಸೇರಿತು. 2022ರಲ್ಲಿ ಮಹಾಲನಬಿಸ್ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು.

ನನ್ನನ್ನು ಜಾಸ್ತಿ ಕಾಡುವುದು ಆ ಅಂಕಿಗಳಿಗಿಂತ ಆ ಲೋಟ. ಎಲ್ಲ ಕಳೆದುಕೊಂಡು ಬಂದ ತಾಯಿ ಅದು. ಮನೆ ಸುಟ್ಟಿದೆ, ಗಂಡ ಎಲ್ಲಿದ್ದಾನೋ ಗೊತ್ತಿಲ್ಲ, ಯಾರೋ ಕೊಟ್ಟ ಅನ್ನಕ್ಕೆ ಸಾಲಿನಲ್ಲಿ ನಿಂತಿದ್ದಾಳೆ. ಅಂಥವಳಿಗೆ ಒಬ್ಬ ಡಾಕ್ಟರು "ನಿನ್ನ ಮಗನನ್ನು ನೀನೇ ಉಳಿಸಬಲ್ಲೆ, ತಗೋ" ಅಂದರಲ್ಲ, ಕರುಣೆ ಅಂದರೆ ಅದು ಅನ್ನಿಸುತ್ತದೆ ನನಗೆ. ಅಯ್ಯೋ ಪಾಪ ಅನ್ನುವುದು ಸುಲಭ. ನೊಂದವರ ಕೈ ಮೇಲೆ ನಂಬಿಕೆ ಇಡುವುದು ಕಷ್ಟ. ಇವತ್ತು ಯುದ್ಧದ ನಡುವೆಯೇ ಕಾಲರಾ ಎದುರಿಸಿದ ಸುಡಾನಿನಲ್ಲೂ ಇದೇ ಪುಡಿ ಕೆಲಸ ಮಾಡುತ್ತಿದೆ. ಅಲ್ಲಿ ಊರವರೇ ಗುಂಪು ಕಟ್ಟಿಕೊಂಡು ಅಡುಗೆ ಮಾಡಿ ಹಂಚುತ್ತಿದ್ದಾರೆ. ಟಿವಿಯಲ್ಲಿ ನಾವು ಬಾಂಬನ್ನೇ ನೋಡುತ್ತೇವೆ, ಅಲ್ವಾ? ಒಲೆ ಹಚ್ಚುವವರು ಕಾಣುವುದು ಕಡಿಮೆ.

ಇನ್ನು ನಮ್ಮ ಮನೆಗಳ ಮಾತು. ಓಆರ್‌ಎಸ್‌ನ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿಯಾಗಿ 1 ಲೀಟರ್ ಕುಡಿಯುವ ನೀರಿಗೆ ಹಾಕಬೇಕು. ಅರ್ಧ ಪುಡಿ, ಒಂದು ಲೋಟ ನೀರು ಅಂತ ಅಂದಾಜು ಮಾಡಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. ಗಟಗಟ ಕುಡಿಸಬೇಡಿ, ಚಮಚದಲ್ಲಿ ಕೊಡಿ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನಕ್ಕೆ ಶುರು ಮಾಡಿ. ಕಲಸಿದ ನೀರನ್ನು 24 ಗಂಟೆಯ ಮೇಲೆ ಇಡಬೇಡಿ. ಎದೆಹಾಲು, ಗಂಜಿ, ಅನ್ನ ನಿಲ್ಲಿಸಬೇಡಿ. ಜಿಂಕ್ ಮಾತ್ರೆ ಕೊಟ್ಟಿದ್ದರೆ ಭೇದಿ ನಿಂತರೂ 14 ದಿನ ಮುಗಿಸಿ. ಅಂಗಡಿಯ ಸಿಹಿ ಡಬ್ಬಿ ಪಾನೀಯ ಓಆರ್‌ಎಸ್ ಅಲ್ಲ, ಸಕ್ಕರೆ ಜಾಸ್ತಿಯಾದರೆ ಭೇದಿಯೂ ಜಾಸ್ತಿಯಾಗುತ್ತದೆ. ಮಗು ಮಂಕಾಗಿದ್ದರೆ, ಕುಡಿಯಲು ಆಗದಿದ್ದರೆ, ಉಚ್ಚೆ ನಿಂತಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ. ಅಂಥ ಹೊತ್ತಿನಲ್ಲಿ ಬಾಟ್ಲಿ ಬೇಕೇ ಬೇಕು, ನಾವೇ ಹಚ್ಚುತ್ತೇವೆ.

ಆ ರಾತ್ರಿ ಎರಡು ಗಂಟೆಗೆ ನಾನು ಮತ್ತೆ ವಾರ್ಡಿಗೆ ಹೋದೆ. ಪಕ್ಕದ ಮಂಚದಲ್ಲಿ ಅಕ್ಕಿ ಗಿರಣಿ ಕೆಲಸಕ್ಕೆ ದೂರದಿಂದ ಬಂದ ಒಬ್ಬ ಹುಡುಗಿ, ಮಡಿಲಲ್ಲಿ ಭೇದಿಯಾಗುತ್ತಿದ್ದ ಕೂಸು. ಅವಳಿಗೆ ಕನ್ನಡ ಬಾರದು. ನರ್ಸ್ ಹೇಳಿದ್ದು ಅರ್ಥವಾಗದೆ ಲೋಟ ಹಿಡಿದು ಸುಮ್ನೆ ಕೂತಿದ್ದಳು. ಅಜ್ಜಿ ತಮ್ಮ ಹುಡುಗನನ್ನು ಮಲಗಿಸಿ ಅವಳ ಮಂಚಕ್ಕೆ ಹೋಗಿದ್ದರು. ಚಮಚ ಅವಳ ಕೈಗಿಟ್ಟು, ಆ ಕೈಯನ್ನು ತಾವೇ ಹಿಡಿದು, ಕೂಸಿನ ತುಟಿಗೆ ತಾಗಿಸಿದರು. ಮತ್ತೆ ಬೆರಳೆತ್ತಿ ತಡೆ ಅಂತ ಸನ್ನೆ ಮಾಡಿದರು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಚಮಚ.