ಮುಪ್ಪು ಬಾರದ ಪ್ರಾಣಿಗಳು ಮತ್ತು ಪರಿಸರ: ಅಧ್ಯಯನ ಟಿಪ್ಪಣಿ

ಮುಪ್ಪು ಬಾರದಂತೆ ವಂಶವಾಹಿಗಳನ್ನು ತಿದ್ದಿದ ಪ್ರಾಣಿಗಳಿಂದ ಪರಿಸರಕ್ಕೆ ಏನಾಗಬಹುದು ಎಂದು ವಿಚಾರಿಸುವವರು, ಆ ಪ್ರಭೇದದಲ್ಲಿ ನಿಜಕ್ಕೂ ಮುಪ್ಪಿನಿಂದ ಸಾಯುವವು ಎಷ್ಟು ಎಂಬುದನ್ನು ಮೊದಲು ಕೇಳಬೇಕು. ಹಾವು, ಗೂಬೆ, ಹಸಿವು, ರೋಗಗಳಿಂದ ತಿಂಗಳಿಗೆ ನೂರಕ್ಕೆ 20 ಇಲಿಗಳು ಸಾಯುತ್ತವೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, 1,000 ಇಲಿಗಳಲ್ಲಿ ವರ್ಷದ ಕೊನೆಗೆ ಸುಮಾರು 69, ಎರಡನೆಯ ವರ್ಷದ ಕೊನೆಗೆ 5 ಮಾತ್ರ ಉಳಿಯುತ್ತವೆ. ಮುಪ್ಪು ಅಡರುವ ಮೊದಲೇ ಬಹುಪಾಲು ಇಲ್ಲವಾಗುವುದರಿಂದ, ಮುಪ್ಪನ್ನು ಅಳಿಸಿದರೂ ಒಟ್ಟು ಸಂಖ್ಯೆಯಲ್ಲಿ ಆಗುವ ವ್ಯತ್ಯಾಸ ಅಲ್ಪವೇ.

ಎರಡನೆಯ ಪ್ರಶ್ನೆ, ತಿದ್ದಿದ ಗುಣ ನಿಸರ್ಗದಲ್ಲಿ ಉಳಿಯುವುದೇ ಎಂಬುದು. ಸುಮಾರು ಒಂದು ಮಿಲಿಮೀಟರ್ ಉದ್ದದ ದುಂಡುಹುಳು ಸೀನೋರ್ಯಾಬ್ಡಿಟಿಸ್ ಎಲೆಗಾನ್ಸ್‌ನಲ್ಲಿ ಡಾಫ್-2 ಎಂಬ ಒಂದೇ ವಂಶವಾಹಿಯ ಮಾರ್ಪಾಟು ಆಯುಷ್ಯವನ್ನು ಇಮ್ಮಡಿಗೂ ಮೀರಿ ಹೆಚ್ಚಿಸುತ್ತದೆಂದು ಸಿಂಥಿಯಾ ಕೆನ್ಯನ್ ಅವರ ತಂಡ 1993ರಲ್ಲಿ ತೋರಿಸಿತು. ಆದರೆ 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಡಾಫ್-2 ಮಾರ್ಪಾಟಿನ ಹುಳುಗಳನ್ನು ಸಾಮಾನ್ಯ ಹುಳುಗಳೊಂದಿಗೆ ಬೆರೆಸಿ ಬೆಳೆಸಿದಾಗ, ದೀರ್ಘಾಯುಗಳು ನಾಲ್ಕೇ ಪೀಳಿಗೆಗಳಲ್ಲಿ ನಿರ್ನಾಮವಾದವು. ಎಳೆ ವಯಸ್ಸಿನಲ್ಲಿ ಅವು ಇಡುವ ಮೊಟ್ಟೆಗಳು ಕಡಿಮೆಯಾಗಿದ್ದುದೇ ಇದಕ್ಕೆ ಕಾರಣ. ಈ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಫಲಿತಾಂಶ ಇದು: ಬೇಗ ಮರಿ ಹಾಕುವ ಜೀವಿಗಳ ನಡುವೆ ದೀರ್ಘಾಯುಷ್ಯ ತಾನಾಗಿಯೇ ಗೆಲ್ಲುವ ಗುಣವಲ್ಲ.

ಆನೆಯಂಥ ದೊಡ್ಡ ಪ್ರಾಣಿಯಲ್ಲಿ ಲೆಕ್ಕ ತಿರುಗುತ್ತದೆ. ವಯಸ್ಕ ಆನೆಗಳಲ್ಲಿ ವರ್ಷಕ್ಕೆ ನೂರಕ್ಕೆ 3 ಮಾತ್ರ ಸಾಯುತ್ತವೆ ಎಂದುಕೊಂಡರೆ, 60 ವರ್ಷಗಳ ನಂತರವೂ 1,000ದಲ್ಲಿ ಸುಮಾರು 160 ಬದುಕಿರುತ್ತವೆ; ಮುಪ್ಪಿಲ್ಲದಿದ್ದರೆ ಅವು ಮುಂದೆಯೂ ಮರಿ ಹಾಕುತ್ತ, ದಿನಕ್ಕೆ ನೂರು ಕಿಲೋಗೂ ಮೀರಿದ ಮೇವನ್ನು ಅದೇ ಕಾಡಿನಿಂದ ಪಡೆಯುತ್ತಿರುತ್ತವೆ. ಇಲ್ಲೊಂದು ತೊಡಕನ್ನೂ ಗಮನಿಸಬೇಕು. ಆನೆಯ ದವಡೆಹಲ್ಲುಗಳು ಜೀವಮಾನದಲ್ಲಿ ಆರು ಸರದಿಗಳಲ್ಲಿ ಬರುತ್ತವೆ, ಕೊನೆಯ ಸರದಿ ಸವೆದ ಮೇಲೆ ಮೇವನ್ನು ಅರೆಯಲಾಗದೆ ಅದು ಸೊರಗುತ್ತದೆ. ಹೀಗಾಗಿ ಜೀವಕೋಶಗಳ ಮುಪ್ಪನ್ನು ತಡೆದಷ್ಟಕ್ಕೇ ಆಯುಷ್ಯ ಬೆಳೆಯದು. ಆ ತೊಡಕೂ ನೀಗಿದರೆ ಹೊರೆ ಮೊದಲು ಬೀಳುವುದು ಮರಗಳ ಮೇಲೆ, ಆಮೇಲೆ ಮರಿಯಾನೆಗಳ ಮೇಲೆ: ಮೇವು ಸಾಲದ ಕಡೆ ಹೆಣ್ಣಾನೆಗಳು ತಡವಾಗಿ ಗಬ್ಬವಾಗುತ್ತವೆ, ಮರಿಗಳು ಹೆಚ್ಚಾಗಿ ಸಾಯುತ್ತವೆ. ಹಿಂಡಿನಲ್ಲಿ ಹಳೆಯ ಪ್ರಾಣಿಗಳೇ ಹೆಚ್ಚಿ ಹೊಸ ಪೀಳಿಗೆ ವಿರಳವಾದಾಗ, ಬದಲಾಗುವ ಹವೆಗೂ ಹೊಸ ರೋಗಾಣುಗಳಿಗೂ ಆ ಪ್ರಭೇದ ಹೊಂದಿಕೊಳ್ಳುವ ವೇಗ ಕುಗ್ಗುತ್ತದೆ.